‘ಅನುಭವ ಇದೆ ಬಿಡಿ’: ಮ್ಯಾನ್‌ಹೋಲ್ ಮತ್ತು ತರಬೇತಿಯ ಚರಿತ್ರೆ

ದಲಿತ ವಿಮರ್ಶೆಯಲ್ಲಿ ನಾವು ಬಹಳ ನೆಚ್ಚಿಕೊಂಡಿರುವ ಮಾತು ‘ಅನುಭವ’. ನೊಂದವರ ನೋವು ನೊಂದವರಿಗಷ್ಟೇ ಗೊತ್ತು ಎಂಬ ನೆಲೆಯಲ್ಲಿ ನಿಂತು ನಾವು ವಾದ ಮಾಡಿದ್ದೇವೆ, ಮಾಡಬೇಕಾಗಿತ್ತು ಕೂಡ. ಆದರೆ ಈ ಮಾತನ್ನು ನಮಗಿಂತ ಮೊದಲೇ ಬಳಸಿಕೊಂಡದ್ದು ಪುರಸಭೆ. ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಒಬ್ಬನನ್ನು ಇಳಿಸುವಾಗ ಮೇಸ್ತ್ರಿ ಹೇಳುವುದೂ ಅದನ್ನೇ: ‘ಇವನಿಗೆ ಅನುಭವ ಇದೆ ಬಿಡಿ.’

ನಿವೃತ್ತ ಪೌರಕಾರ್ಮಿಕರೊಬ್ಬರನ್ನು, ಕೆಲಸಕ್ಕೆ ಸೇರಿದಾಗ ಏನಾದ್ರೂ ತರಬೇತಿ ಕೊಟ್ರಾ ಅಂತ ಕೇಳಿದೆ. ನಕ್ಕುಬಿಟ್ಟರು. ‘ಯಾರಪ್ಪ ಕೊಡ್ತಾರೆ? ನಮ್ಮಪ್ಪ ಇಳೀತಿದ್ದ, ನಾನು ಮೇಲೆ ಹಗ್ಗ ಹಿಡ್ಕೊಂಡು ಕೂತಿರ್ತಿದ್ದೆ. ಆಮೇಲೆ ನಾನು ಇಳಿದೆ, ನನ್ ತಮ್ಮ ಹಗ್ಗ ಹಿಡ್ದ.’ ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಡುವುದು, ಜಿರಳೆ ಜೀವಂತವಾಗಿ ಹೊರಗೆ ಬರ್ತಾವಾ ಅಂತ ನೋಡುವುದು, ಬೆಂಕಿಕಡ್ಡಿ ಗೀರಿ ಒಳಗೆ ಹಾಕುವುದು, ಮೂಗನ್ನು ನಂಬುವುದು. ಜಾತಿ ಅವರಿಗೆ ಕೊಟ್ಟ ಪಠ್ಯ ಇಷ್ಟು.

ಇದು ತಿಳಿವಳಿಕೆಯೇ, ಹಗುರವಾಗಿ ಕಾಣುವಂಥದ್ದಲ್ಲ. ಆದರೆ ಈ ತಿಳಿವಳಿಕೆ ಕೈಕೊಡುವ ಜಾಗವೊಂದಿದೆ. ಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 100 ಭಾಗ ಮುಟ್ಟಿತೆಂದರೆ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ‘ಈಗ ವಾಸನೆ ಹೋಯ್ತು’ ಅಂತ ಇಳಿದವನು ಇಳಿಯುತ್ತಿರುವುದು ಇನ್ನೂ ಹೆಚ್ಚಿನ ವಿಷಕ್ಕೆ. ಮೀಥೇನ್ ತುಂಬಿದ್ದರೆ ಆ ಬೆಂಕಿಕಡ್ಡಿಯೇ ಸ್ಫೋಟಕ್ಕೆ ಕಾರಣ. ಮೊದಲನೆಯವನು ಕುಸಿದಾಗ ಹಗ್ಗ ಹಿಡಿದ ತಮ್ಮ ಸುಮ್ಮನೆ ಕೂರಬೇಕೇ? ಅವನೂ ಇಳಿಯುತ್ತಾನೆ. ಪತ್ರಿಕೆಗಳಲ್ಲಿ ಸಾವು ಎರಡು, ಮೂರು ಎಂದು ಬರುವುದು ಹೀಗೆ. ಅಳೆಯುವ ಯಂತ್ರ ಬೇಕಾದ ಕಡೆ ಅನುಭವವನ್ನು ಇಳಿಸಿದ್ದೇವೆ.

ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಕಾರ್ಖಾನೆಯೊಳಗಿನ ಟ್ಯಾಂಕು, ಗುಂಡಿ, ಕೊಳವೆಗೆ ಮನುಷ್ಯ ಇಳಿಯಬೇಕಾದರೆ ಮೊದಲು ಅನಿಲ ತೆಗೆಯಬೇಕು. ಅಪಾಯ ಇಲ್ಲವೆಂದು ಬಲ್ಲವರು ಬರೆದು ಕೊಡಬೇಕು. ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ, ಬೆಲ್ಟು ಇರಬೇಕು, ಹಗ್ಗದ ತುದಿ ಹೊರಗಿನವರ ಕೈಯಲ್ಲಿರಬೇಕು. ಆ ಉಪಕರಣ ಬಳಸಲು ಸಾಕಷ್ಟು ಮಂದಿಗೆ ತರಬೇತಿ ಆಗಿರಬೇಕು ಅಂತಲೂ ಇತ್ತು. ಆದರೆ ಬೀದಿಯ ಮ್ಯಾನ್‌ಹೋಲ್ ಕಾರ್ಖಾನೆ ಅಲ್ಲವಲ್ಲ! ಅದೇ ಅನಿಲ, ಅದೇ ಗುಂಡಿ. ಗೇಟಿನ ಒಳಗಿದ್ದವನು ಕಾರ್ಮಿಕ, ಹೊರಗಿದ್ದವನು ಜಾತಿ.

ನಮ್ಮಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ಬೂಸಾ ಗಲಾಟೆಯನ್ನು ನೆನೆಯುವ ಸಾಹಿತಿಗಳು ಈ ಆದೇಶವನ್ನು ಅಷ್ಟಾಗಿ ನೆನೆಯುವುದಿಲ್ಲ, ಇರಲಿ. ತಲೆಯ ಮೇಲಿನ ಡಬ್ಬ ಇಳಿಯಿತು. ಊರು ಬೆಳೆದಂತೆ ಮಲ ನೆಲದಡಿಯ ಕೊಳವೆಗೆ ಹೋಯಿತು, ಅದರ ಹಿಂದೆಯೇ ಅದೇ ಮನೆಗಳ ಮಕ್ಕಳೂ ಹೋದರು. ಸುಮಾರು ನಾಲ್ಕು ದಶಕವೇ ಕಳೆದರೂ 2010ರಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯೆದುರು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡು ಪ್ರತಿಭಟಿಸಬೇಕಾಯಿತು ಎಂದರೆ, ಸ್ವಾತಂತ್ರ್ಯದ ಲೆಕ್ಕವನ್ನು ಎಲ್ಲಿಂದ ಹಾಕೋಣ?

1993ರ ಕಾಯ್ದೆಯ ಕಣ್ಣು ಒಣ ಪಾಯಿಖಾನೆಯ ಮೇಲಿತ್ತು. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕುಗಳ ‘ಅಪಾಯಕಾರಿ ಸ್ವಚ್ಛತೆ’ಗೆ ನಿಷೇಧ ಬಂದದ್ದು 2013ರ ಕಾಯ್ದೆಯಲ್ಲಿ, ಕಾರ್ಖಾನೆ ಕಾಯ್ದೆಯಾಗಿ 65 ವರ್ಷಕ್ಕೆ. ಅದರಲ್ಲೂ ‘ಅಪಾಯಕಾರಿ’ ಅಂದ್ರೆ ರಕ್ಷಣಾ ಸಾಮಗ್ರಿ, ಮುನ್ನೆಚ್ಚರಿಕೆ ಇಲ್ಲದೆ ಇಳಿಸುವುದು. ಇದ್ದರೆ ಇಳಿಸಬಹುದು. ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರ ಎಂದಿತು. ಅದೇ 2023ರಲ್ಲಿ ‘ನಮಸ್ತೆ’ ಎಂಬ ಕೇಂದ್ರ ಯೋಜನೆಯಲ್ಲಿ ಕಿಟ್ಟು, ತರಬೇತಿಗಳೂ ಬಂದವು.

ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು, ಅದು ಯಾರಿಗೆ ಎಂಬುದು. ಇಳಿಯುವವನಿಗೆ ಗ್ಲೌಸು ಹಾಕುವುದನ್ನು ಕಲಿಸಿ ಫೋಟೊ ತೆಗೆಸಿಕೊಂಡರೆ, ನಾಳೆ ಅವನು ಸತ್ತಾಗ ‘ಕೊಟ್ಟಿದ್ದೆವು, ಹಾಕ್ಕೊಳ್ಳಲಿಲ್ಲ’ ಎನ್ನಲು ದಾರಿಯಾಗುತ್ತದೆ. ಇಳಿ ಎನ್ನುವ ಇಂಜಿನಿಯರು, ಗುತ್ತಿಗೆದಾರ, ಸೆಪ್ಟಿಕ್ ಟ್ಯಾಂಕಿನ ಮನೆ ಯಜಮಾನ ಯಾವ ತರಗತಿಯಲ್ಲಿ ಕೂತಿದ್ದಾರೆ? ‘ಇಳಿಯಲ್ಲ ಸಾರ್’ ಅನ್ನುವುದನ್ನು ಗುತ್ತಿಗೆಯವನಿಗೆ ಕಲಿಸಿದರೂ, ಮಾರನೇ ದಿನ ಅವನ ಕೆಲಸ ಉಳಿಯುತ್ತದೆಯೇ?

2013ರ ನಿಯಮಗಳಲ್ಲೇ ಒಂದು ಹಿಡಿತವಿದೆ. ನಿಯಮದಲ್ಲಿ ಹೆಸರಿಸಿದ ಕೆಲವು ಕೆಲಸಗಳನ್ನು ಬಿಟ್ಟರೆ, ರಕ್ಷಣಾ ಸಾಮಗ್ರಿ ಇದ್ದರೂ ಮನುಷ್ಯನನ್ನು ಒಳಚರಂಡಿಗೆ ಇಳಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಲಿಖಿತವಾಗಿ ಕಾರಣ ದಾಖಲಿಸಿ ಅನುಮತಿ ಕೊಡಬೇಕು. ಇಳಿ ಎಂಬ ಆಜ್ಞೆ ಮಾತ್ರ ನಮ್ಮ ಊರುಗಳಲ್ಲಿ ಬಾಯಿಮಾತಲ್ಲೇ, ಫೋನಿನಲ್ಲೇ ಬರುತ್ತದೆ. ಗೆಳೆಯರು ತಮ್ಮ ತಮ್ಮ ಪುರಸಭೆ, ನಗರಸಭೆಗಳಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅಂಥ ಅನುಮತಿ ಪತ್ರಗಳ ನಕಲು ಕೇಳಲಿ. ಒಂದೇ ಒಂದು ಸಿಕ್ಕರೂ ಈ ಪತ್ರಿಕೆಗೆ ಕಳಿಸಿಕೊಡಿ. ಇಲ್ಲ ಎಂಬ ಉತ್ತರ ಬಂದರೆ, ಆ ಉತ್ತರದ ನಕಲನ್ನೂ.