'ರಿಂಗ್ ಆಫ್ ವೆಲ್ತ್' ತೊಟ್ಟರೆ ಆಟದಲ್ಲಿ ಅದೃಷ್ಟ ಖುಲಾಯಿಸುತ್ತದೆಯೇ?

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುವ ಹಲವರ ನಂಬಿಕೆ ಇದು: 'ರಿಂಗ್ ಆಫ್ ವೆಲ್ತ್' ಉಂಗುರ ತೊಟ್ಟು ರಾಕ್ಷಸರನ್ನು ಕೊಂದರೆ ಅಪರೂಪದ ವಸ್ತುಗಳು ಬೇಗ ಸಿಗುತ್ತವೆ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ನೋಡೋಣ.

ಏನಿದು ಉಂಗುರ?

ರೂನ್‌ಸ್ಕೇಪ್ 2001ರಲ್ಲಿ ಶುರುವಾದ ಬ್ರಿಟನ್ನಿನ ಆನ್‌ಲೈನ್ ಆಟ. ಅದರ 2007ರ ಆವೃತ್ತಿಯನ್ನು ಆಧರಿಸಿ 2013ರಲ್ಲಿ ಓಲ್ಡ್ ಸ್ಕೂಲ್ ಬಂತು. ಈಗ ಮೊಬೈಲ್‌ನಲ್ಲೂ ಆಡಬಹುದು. ಇದರಲ್ಲಿ ಡ್ರ್ಯಾಗನ್‌ಸ್ಟೋನ್ ಹರಳಿನ ಉಂಗುರಕ್ಕೆ ಮಂತ್ರ ಹಾಕಿದರೆ ರಿಂಗ್ ಆಫ್ ವೆಲ್ತ್ ಆಗುತ್ತದೆ. ಮಂತ್ರಕ್ಕೆ ಮ್ಯಾಜಿಕ್ 68ನೇ ಲೆವೆಲ್ ಬೇಕು.

ನಿಜ ಎಷ್ಟು?

ಕೆಲವು ರಾಕ್ಷಸರು ಸತ್ತಾಗ ಆಟ 'ಜೆಮ್ ಟೇಬಲ್' ಎಂಬ ಪಟ್ಟಿಯಿಂದ ಒಂದು ಚೀಟಿ ಎತ್ತುವುದುಂಟು. ಆ ಪಟ್ಟಿಯಲ್ಲಿರುವ 128 ಚೀಟಿಗಳಲ್ಲಿ 63 ಖಾಲಿ. ಉಂಗುರ ತೊಟ್ಟಿದ್ದರೆ ಖಾಲಿ ಚೀಟಿಗಳು ಹೋಗಿ 65 ಮಾತ್ರ ಉಳಿಯುತ್ತವೆ. ನೀಲಮಣಿಯ ಚೀಟಿ 32 ಇವೆ. ಹಾಗಾಗಿ ಅದು ಸಿಗುವ ಸಾಧ್ಯತೆ ಶೇ. 25ರಿಂದ ಸುಮಾರು ಶೇ. 49ಕ್ಕೆ ಏರುತ್ತದೆ.

ಸುಳ್ಳು ಎಲ್ಲಿ?

ಆದರೆ ಈ ಲಾಭ ಅಂಥ ಪಟ್ಟಿಗಳಿಗಷ್ಟೇ ಸೀಮಿತ. ಅಬಿಸಲ್ ಡೀಮನ್ ಬೀಳಿಸುವ ಚಾವಟಿಯ ಸಾಧ್ಯತೆ 512ರಲ್ಲಿ 1. ಉಂಗುರ ತೊಟ್ಟರೂ ಅಷ್ಟೇ, ತೊಡದಿದ್ದರೂ ಅಷ್ಟೇ.

ಹಾಗಾದರೆ 'ತೊಟ್ಟ ದಿನವೇ ಸಿಕ್ಕಿತು' ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. 512 ಡೀಮನ್‌ಗಳನ್ನು ಕೊಂದವರಲ್ಲಿ ಸುಮಾರು ಶೇ. 63 ಮಂದಿಗೆ ಒಂದಾದರೂ ಚಾವಟಿ ಸಿಕ್ಕಿರುತ್ತದೆ, ಶೇ. 37 ಮಂದಿಗೆ ಸಿಕ್ಕಿರುವುದಿಲ್ಲ. ಸಿಕ್ಕವರು ಸ್ಕ್ರೀನ್‌ಶಾಟ್ ಹಂಚುತ್ತಾರೆ, ಸಿಗದವರು ಸುಮ್ಮನಿರುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಗೆದ್ದವರು ಮಾತ್ರ. 511 ಬಾರಿ ಸಿಗಲಿಲ್ಲವೆಂದು ಮುಂದಿನ ಬಾರಿ ಸಿಕ್ಕೇ ಸಿಗುತ್ತದೆ ಎಂದೂ ಇಲ್ಲ. ಪ್ರತಿ ಸಲವೂ ಲೆಕ್ಕ ಹೊಸದು.

ಎಚ್ಚರ ಯಾಕೆ ಬೇಕು?

'ಅದೃಷ್ಟ ಹೆಚ್ಚುತ್ತದೆ' ಎಂಬ ನಂಬಿಕೆಯೇ ವಂಚಕರ ಬಂಡವಾಳ. ಕವಚಕ್ಕೆ ಚಿನ್ನದ ಅಂಚು ಹಾಕಿಕೊಡುತ್ತೇನೆಂದು ಇಸಿದುಕೊಂಡು ಮಾಯವಾಗುವುದು ಈ ಆಟದಲ್ಲಿ ಹಳೆಯ ಮೋಸ. ಉಂಗುರದ ಶಕ್ತಿ ಹೆಚ್ಚಿಸುತ್ತೇವೆ, ಪಾಸ್‌ವರ್ಡ್ ಅಥವಾ ಒಟಿಪಿ ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಆಟದ ವಸ್ತುಗಳನ್ನು ಹೊರಗೆ ನಿಜವಾದ ಹಣಕ್ಕೆ ಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯೇ ಬ್ಯಾನ್ ಆಗಬಹುದು.

ಒಟ್ಟಿನಲ್ಲಿ, ಈ ಮಾತು ಅರ್ಧಸತ್ಯ. ಉಂಗುರ ಕೆಲವು ಪಟ್ಟಿಗಳ ಖಾಲಿ ಚೀಟಿಗಳನ್ನು ತೆಗೆಯುತ್ತದೆ, ಎಲ್ಲ ಅಪರೂಪದ ವಸ್ತುಗಳನ್ನು ಹತ್ತಿರ ತರುವುದಿಲ್ಲ. ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕವನ್ನೂ ಜೊತೆಗೆ ಕಳಿಸಿ.