50 ಮೀಟರ್ ಪಿಸ್ತೂಲ್: ಸ್ಪರ್ಧಿಗಳನ್ನು ಉಳಿಸಿಕೊಳ್ಳುವ ಬಗೆ

50 ಮೀಟರ್ ಪಿಸ್ತೂಲ್, ಶೂಟಿಂಗ್ ಕ್ರೀಡೆಯ ಹಳೆಯ ವಿಭಾಗಗಳಲ್ಲಿ ಒಂದು. ಪಾಯಿಂಟ್ 22 ಕ್ಯಾಲಿಬರ್ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು, ಯಾವ ಆಧಾರವೂ ಇಲ್ಲದೆ ನಿಂತು 60 ಗುಂಡು ಹಾರಿಸಬೇಕು. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 5 ಸೆಂ.ಮೀ.

ಲಿಂಗ ಸಮಾನತೆಯ ಉದ್ದೇಶದಿಂದ ಮಿಶ್ರ ತಂಡ ಸ್ಪರ್ಧೆಗಳನ್ನು ಸೇರಿಸಿದಾಗ ಪುರುಷರ ಈ ವಿಭಾಗವನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. 2016ರ ರಿಯೊ ಕೂಟವೇ ಕೊನೆಯದು. ಭಾರತದ ಪರ ಜಿತು ರಾಯ್ ಹಾಗೂ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅಲ್ಲಿ ಸ್ಪರ್ಧಿಸಿದ್ದರು. 2018ರಲ್ಲಿ ಓಂ ಪ್ರಕಾಶ್ ಮಿಥರ್ವಾಲ್ ವಿಶ್ವ ಚಾಂಪಿಯನ್ ಆದರು. ಆದರೆ ಆ ಚಿನ್ನದಿಂದ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ದೊರೆಯುವಂತಿರಲಿಲ್ಲ.

ಒಲಿಂಪಿಕ್ ಹಾದಿ ಮುಚ್ಚಿದ ಮೇಲೆ ಯುವ ಶೂಟರ್‌ಗಳು 10 ಮೀಟರ್ ಏರ್ ಪಿಸ್ತೂಲ್‌ನತ್ತ ವಾಲುವುದು ಸಹಜ. ಇತ್ತ ಶಸ್ತ್ರ ಪರವಾನಗಿ ಹಾಗೂ ಮದ್ದುಗುಂಡಿನ ವೆಚ್ಚ ಹೊಸಬರನ್ನು ಹಿಮ್ಮೆಟ್ಟಿಸುತ್ತವೆ.

ಆದ್ದರಿಂದ ಹೊಸ ಸ್ಪರ್ಧಿಗಳನ್ನು ಏರ್ ಪಿಸ್ತೂಲ್ ಶೂಟರ್‌ಗಳ ನಡುವೆಯೇ ಹುಡುಕುವುದು ಸೂಕ್ತ. ಎರಡರಲ್ಲೂ ಒಂಟಿ ಕೈಯ ಹಿಡಿತ, ಉಸಿರು ಹಾಗೂ ಟ್ರಿಗರ್ ಮೇಲಿನ ಹತೋಟಿಯೇ ಮುಖ್ಯ. ನಿಯಮದ ಚೌಕಟ್ಟಿನಲ್ಲಿ ಕ್ಲಬ್‌ನ ಪಿಸ್ತೂಲಿನಿಂದಲೇ, ತರಬೇತುದಾರರ ಸಮ್ಮುಖದಲ್ಲಿ ಅಭ್ಯಾಸಕ್ಕೆ ಅವಕಾಶ ಕಲ್ಪಿಸಿದರೆ ಆರಂಭದ ಹೊರೆ ತಗ್ಗುತ್ತದೆ. ಬಂದವರು ಉಳಿಯಬೇಕಾದರೆ ವಾರ್ಷಿಕ ಕೂಟವೊಂದೇ ಸಾಲದು. ತಿಂಗಳ ಸ್ಪರ್ಧೆ, ಹಿರಿಯರಿಗೆ ಪ್ರತ್ಯೇಕ ವಿಭಾಗ, ಸ್ವಂತ ಅಂಕ ಸುಧಾರಿಸಿಕೊಂಡವರಿಗೂ ಬಹುಮಾನ ಇರಬೇಕು.