ನಿರುಪಾಧಿಕ ತರ್ಕವಾಕ್ಯ ಮತ್ತು ಅಸ್ತಿತ್ವದ ಪೂರ್ವಭಾವನೆ

ಯಾವುದೇ ಷರತ್ತಿಲ್ಲದೆ ಎರಡು ವರ್ಗಗಳ ಸಂಬಂಧವನ್ನು ಹೇಳುವ ವಾಕ್ಯವನ್ನು ತರ್ಕಶಾಸ್ತ್ರದಲ್ಲಿ ನಿರುಪಾಧಿಕ ತರ್ಕವಾಕ್ಯ ಎನ್ನುತ್ತಾರೆ. ಇದರ ವಿವೇಚನೆಯನ್ನು ವ್ಯವಸ್ಥಿತವಾಗಿ ಆರಂಭಿಸಿದವನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322). ಇಂತಹ ವಾಕ್ಯದಲ್ಲಿ ಉದ್ದೇಶ್ಯ ಪದ, ವಿಧೇಯ ಪದ ಮತ್ತು ಅವೆರಡನ್ನು ಜೋಡಿಸುವ ಸಂಯೋಜಕ ಇರುತ್ತವೆ.

ನಾಲ್ಕು ವಿಧಗಳು

* ಎ (ಸಾರ್ವತ್ರಿಕ ಅಸ್ತಿವಾಚಕ): ಎಲ್ಲ ಬಿದರಿ ವಸ್ತುಗಳು ಲೋಹದವು.
* ಇ (ಸಾರ್ವತ್ರಿಕ ನಾಸ್ತಿವಾಚಕ): ಯಾವ ಬಿದರಿ ವಸ್ತುವೂ ಮಣ್ಣಿನದಲ್ಲ.
* ಐ (ವಿಶೇಷ ಅಸ್ತಿವಾಚಕ): ಕೆಲವು ಬಿದರಿ ವಸ್ತುಗಳು ಹೂದಾನಿಗಳು.
* ಓ (ವಿಶೇಷ ನಾಸ್ತಿವಾಚಕ): ಕೆಲವು ಬಿದರಿ ವಸ್ತುಗಳು ಹೂದಾನಿಗಳಲ್ಲ.

ತರ್ಕಶಾಸ್ತ್ರದಲ್ಲಿ ‘ಕೆಲವು’ ಎಂದರೆ ‘ಕನಿಷ್ಠ ಒಂದಾದರೂ’ ಎಂದರ್ಥ.

ಅಸ್ತಿತ್ವದ ಪ್ರಶ್ನೆ

ಸಾಂಪ್ರದಾಯಿಕ ತರ್ಕದಲ್ಲಿ ‘ಎಲ್ಲ’ ಎಂಬುದು ಸತ್ಯವಾದರೆ ‘ಕೆಲವು’ ಎಂಬುದೂ ಸತ್ಯ. ಉದ್ದೇಶ್ಯ ವರ್ಗದಲ್ಲಿ ಸದಸ್ಯರಿದ್ದಾರೆ ಎಂಬ ಊಹೆ ಇದಕ್ಕೆ ಆಧಾರ. ಆದರೆ ಬೀದರ ಜಿಲ್ಲೆಗೆ ಕಡಲತೀರವಿಲ್ಲ. ಆದ್ದರಿಂದ ‘ಹುಡಗಿ ಗ್ರಾಮದ ಎಲ್ಲ ಕಡಲ ಬಂದರುಗಳು ಆಳವಾಗಿವೆ’ ಎಂಬ ವಾಕ್ಯದ ಉದ್ದೇಶ್ಯ ವರ್ಗವು ಶೂನ್ಯ.

ಜಾರ್ಜ್ ಬೂಲ್ (1815–1864) ಹೆಸರಿನಿಂದ ಪ್ರಸಿದ್ಧವಾದ ಆಧುನಿಕ ವ್ಯಾಖ್ಯಾನದಂತೆ ಈ ವಾಕ್ಯದ ಅರ್ಥ ‘ಹುಡಗಿಯಲ್ಲಿ ಆಳವಿಲ್ಲದ ಬಂದರು ಇಲ್ಲ’ ಎಂದಷ್ಟೆ. ಆದುದರಿಂದ ಅದು ಸತ್ಯ. ‘ಕೆಲವು ಬಂದರುಗಳು ಆಳವಾಗಿವೆ’ ಎಂಬುದು ಮಾತ್ರ ಅಸತ್ಯ. ಹೀಗೆ ಎ ವಾಕ್ಯದಿಂದ ಐ ವಾಕ್ಯವನ್ನು ಪಡೆಯಲಾಗದು. ಶೂನ್ಯ ವರ್ಗದ ವಿಷಯದಲ್ಲಿ ಎ ಮತ್ತು ಇ ಎರಡೂ ಸತ್ಯವಾಗಬಹುದು. ವಿರುದ್ಧತೆಯ ಚೌಕದಲ್ಲಿ ಎ–ಓ ಹಾಗೂ ಇ–ಐ ಜೋಡಿಗಳ ವ್ಯಾಘಾತ ಸಂಬಂಧ ಮಾತ್ರ ಉಳಿಯುತ್ತದೆ. ಸಾಂಪ್ರದಾಯಿಕವಾಗಿ ಸಿಂಧುವೆನಿಸಿದ 24 ತ್ರಿಪದೀಯ ಅನುಮಾನ ರೂಪಗಳಲ್ಲಿ 15 ಮಾತ್ರ ಅಸ್ತಿತ್ವದ ಊಹೆಯಿಲ್ಲದೆ ನಿಲ್ಲುತ್ತವೆ.

ನಿಯಮಗಳಲ್ಲಿ ಇದರ ಮಹತ್ವ

ಕಲ್ಯಾಣದಲ್ಲಿ (ಇಂದಿನ ಬಸವಕಲ್ಯಾಣ) ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ಗ್ರಂಥದ ಪ್ರಕಾರ ಪುತ್ರರಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕುಂಟು. ಈ ನಿಯಮವನ್ನು ಮಕ್ಕಳಿಲ್ಲದವನಿಗೆ ಅನ್ವಯಿಸಿ ‘ಇವನ ಎಲ್ಲ ಪುತ್ರರೂ ಹಕ್ಕುದಾರರು’ ಎಂದರೂ ನಿಯಮಕ್ಕೆ ಭಂಗವಿಲ್ಲ. ಅದರಿಂದ ‘ಇವನ ಕೆಲವು ಪುತ್ರರು ಹಕ್ಕುದಾರರು’ ಎಂದು ತೀರ್ಮಾನಿಸಿದರೆ ಇಲ್ಲದ ವಾರಸುದಾರನನ್ನು ಸೃಷ್ಟಿಸಿದಂತಾಗುತ್ತದೆ. ನಿಯಮವು ಹಕ್ಕನ್ನು ಹೇಳುತ್ತದೆ. ವ್ಯಕ್ತಿ ಇದ್ದಾನೆಯೇ ಎಂಬುದನ್ನು ಪ್ರತ್ಯೇಕವಾಗಿ ಸಾಧಿಸಬೇಕು.

ಭಾರತೀಯ ತರ್ಕದಲ್ಲಿ

ನ್ಯಾಯದರ್ಶನವು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಎದುರಿಸುತ್ತದೆ. ‘ಆಕಾಶದ ಕಮಲವು ಸುವಾಸನೆಯುಳ್ಳದ್ದು, ಏಕೆಂದರೆ ಅದು ಕಮಲ’ ಎಂಬ ಅನುಮಾನದಲ್ಲಿ ಪಕ್ಷವಾದ ಆಕಾಶಕಮಲವೇ ಇಲ್ಲ. ಇದನ್ನು ಆಶ್ರಯಾಸಿದ್ಧ ಎಂಬ ಹೇತ್ವಾಭಾಸವೆಂದು ಗುರುತಿಸುತ್ತಾರೆ. ಬೂಲ್‌ನ ವ್ಯಾಖ್ಯಾನವು ಶೂನ್ಯ ವರ್ಗದ ಸಾರ್ವತ್ರಿಕ ವಾಕ್ಯವನ್ನು ಸತ್ಯವೆಂದು ಒಪ್ಪಿದರೆ, ನ್ಯಾಯದರ್ಶನವು ಅಂತಹ ಪಕ್ಷವನ್ನು ಕುರಿತ ಅನುಮಾನವನ್ನೇ ತಿರಸ್ಕರಿಸುತ್ತದೆ.